ಫೋಟೋದೊಳಗಿನ ತಾರೀಖು

ವಾರಪತ್ರಿಕೆಯ ಕಚೇರಿಯಲ್ಲಿ ಅವರಿಗೆ ತಾರೀಖು ಸಾಹೇಬರು ಎಂದೇ ಹೆಸರು. ಅಚ್ಚಿಗೆ ಹೋಗುವ ಫೋಟೋ ಯಾವುದೇ ಇರಲಿ, ಅದು ಯಾವಾಗ ತೆಗೆದದ್ದೆಂದು ಅವರು ಹೇಳಿದ ಮೇಲೆಯೇ ಮುಂದಿನ ಮಾತು. ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಕೋಣೆ, ಎರಡು ಕಂಪ್ಯೂಟರು, ಒಂದೇ ಕುರ್ಚಿ. ಇನ್ನೊಂದು ಕುರ್ಚಿಯನ್ನು ಅವರೂ ಕೇಳಲಿಲ್ಲ. ಬಂದು ಕೂರುವವರಾದರೂ ಯಾರು? ಮದುವೆ ಇವತ್ತು ನಾಳೆ ಎನ್ನುತ್ತಲೇ ತಪ್ಪಿಹೋಯಿತು. ಒಂಟಿತನ ಹಳೇ ಚಪ್ಪಲಿಯ ಹಾಗೆ ಕಾಲಿಗೆ ಒಗ್ಗಿಬಿಟ್ಟಿತ್ತು. ತನ್ನವರು ಅಂತ ಉಳಿದಿದ್ದವಳು ಬೇರೆ ಊರಿನ ಅಕ್ಕ ಒಬ್ಬಳೇ, ಅವರನ್ನು ಎತ್ತಿ ಆಡಿಸಿ ಸಾಕಿದವಳು.

ಆ ಅಕ್ಕ ಹದಿನಾಲ್ಕು ತಿಂಗಳ ಹಿಂದೆ, "ಫೋನು ಸರಿಯಿಲ್ಲ ಕಣೋ, ಇನ್ನು ಮೇಲ್ ಮಾಡ್ತೀನಿ" ಎಂದು ಬರೆದಿದ್ದಳು. ಅಂದಿನಿಂದ ತಿಂಗಳಿಗೊಂದು ಮೇಲ್, ಅದರಲ್ಲಿ ಅವಳದೊಂದು ಫೋಟೋ, ಕೆಳಗೆ ಒಂದೇ ಸಾಲು: "ಚೆನ್ನಾಗಿದ್ದೀನಿ." ಇವರು ನೋಡಿ, ಸಮಾಧಾನಪಟ್ಟು, ಒಂದು ಫೋಲ್ಡರಿಗೆ ಸೇರಿಸಿಬಿಡುತ್ತಿದ್ದರು. ಫೋನು ಹದಿನಾಲ್ಕು ತಿಂಗಳು ಕೆಟ್ಟಿರುತ್ತದೆಯೇ ಎಂದು ಕೇಳಬಹುದಿತ್ತು. ಕೇಳಿದರೆ ಹೊರಡಬೇಕಾಗುತ್ತಿತ್ತು, ಅದಕ್ಕೇ ನಂಬಿದರು ಎಂದು ನನ್ನ ಗುಮಾನಿ.

ಹೀಗಿರುವಾಗ ಪತ್ರಿಕೆಯ ಮಾನ ಹರಾಜಾಯಿತು. ನಾಲ್ಕು ವರ್ಷ ಹಳೆಯ ಪ್ರವಾಹದ ಫೋಟೋ ಮೊನ್ನೆಯದೆಂದು ಮುಖಪುಟದಲ್ಲಿ ಅಚ್ಚಾಗಿತ್ತು. ಸಾಹೇಬರು ನೆಚ್ಚಿಕೊಂಡಿದ್ದ ಹಳೇ ಪ್ರೋಗ್ರಾಮು ತೋರಿಸುತ್ತಿದ್ದದ್ದು ಫೋಟೋ ತೆಗೆದ ದಿನವನ್ನಲ್ಲ, ಅದು ಕಂಪ್ಯೂಟರಿಗೆ ಬಂದು ಕೂತ ದಿನವನ್ನು.

ಸಂಪಾದಕಿ ಕೋಣೆಯ ಬಾಗಿಲಲ್ಲಿ ನಿಂತೇ ಹೇಳಿದರು. "ಸಾಹೇಬ್ರೇ, ಬೈಯೋಕೆ ಬಂದಿಲ್ಲ. ಫೋಟೋ ತೆಗೆದ ದಿನ ನೋಡೋಕೆ ಕಪ್ಪು ಪರದೇಲಿ ಕಮಾಂಡ್ ಹೊಡೆದು ಓಡಿಸೋ ಪ್ರೋಗ್ರಾಮು ಮೂರಿವೆಯಂತೆ. ನೋಡಿ, ಒಂದನ್ನ ಆರಿಸಿ. ಸಂಜೆಯೊಳಗೆ ಹೇಳಿ."

ಪರೀಕ್ಷೆಗೆ ಯಾರೂ ಕೈಯಾಡಿಸದ ಫೋಟೋಗಳು ಬೇಕಿತ್ತು. ಕಚೇರಿಯವು ಹತ್ತು ಕೈ ದಾಟಿ ಬಂದವು, ಫೋಟೋದೊಳಗೆ ಕ್ಯಾಮೆರಾ ಬರೆದಿಟ್ಟ ವಿವರ ಎಲ್ಲೋ ಉದುರಿಹೋಗಿರುತ್ತದೆ. ಅಕ್ಕನವಾದರೆ ಕ್ಯಾಮೆರಾದಿಂದ ನೇರ ಮೇಲ್‌ಗೆ ಬಂದವು. ಕ್ಯಾಮೆರಾ ಕೊಡಿಸಿ, ಅದರ ಗಡಿಯಾರ ಹೊಂದಿಸಿಕೊಟ್ಟವರೂ ಇವರೇ.

ಮೊದಲನೆಯ ಪ್ರೋಗ್ರಾಮು ಉದ್ದ ಅಗಲ ಹೇಳಿ ಬಾಯಿ ಮುಚ್ಚಿತು. ಎರಡನೆಯದು ಚುರುಕು, ಆದರೆ ಅದು ಕೊಟ್ಟದ್ದೂ ಫೈಲು ಉಳಿಸಿದ ದಿನವೇ. ಮೂರನೆಯದು ನಿಧಾನಿ, ಮಾತಾಡಲು ಕೂತರೆ ನಿಲ್ಲಿಸದ ಹರಟೆಮಲ್ಲ. ಕ್ಯಾಮೆರಾ, ಲೆನ್ಸು, ಬೆಳಕು ಎಲ್ಲ ಹೇಳಿದ ಮೇಲೆ ತೆಗೆದ ದಿನವನ್ನೂ ಹೇಳಿತು. ಹದಿನಾಲ್ಕು ಫೋಟೋಗಳಿಗೂ ಒಂದೇ ದಿನ.

ಗಡಿಯಾರ ನಿಂತಿರಬೇಕು ಅಂದುಕೊಂಡರು. ನಿಂತಿರಲಿಲ್ಲ. ಮಧ್ಯಾಹ್ನ ಎರಡೂ ಹತ್ತು, ಎರಡೂ ಹದಿನೇಳು, ಮೂರೂ ಐದು ಎಂದು ನಿಮಿಷಗಳು ಮುಂದೆ ಸಾಗಿದ್ದವು. ಆಗ ಫೋಟೋಗಳನ್ನು ಸಾಲಾಗಿ ತೆರೆದು ನೋಡಿದರು. ಶಾಲು ಬದಲಾಗಿತ್ತು, ತಲೆ ಬಾಚಿದ ರೀತಿ ಬದಲಾಗಿತ್ತು. ಹಿಂದಿನ ಮೇಜಿನ ಮೇಲೆ ಅರ್ಧ ಸುಲಿದ ಕಿತ್ತಳೆ ಹಣ್ಣೊಂದು ಹದಿನಾಲ್ಕರಲ್ಲೂ ಹಾಗೇ ಇತ್ತು. ಪರರ ಫೋಟೋಗಳನ್ನು ಇಪ್ಪತ್ತು ವರ್ಷ ಜಾಲಾಡಿದ ಮನುಷ್ಯ ಸ್ವಂತ ಅಕ್ಕನ ಫೋಟೋವನ್ನು ಸರಿಯಾಗಿ ನೋಡಿರಲಿಲ್ಲ. ಅಕ್ಕ ಈಗ ಇದ್ದಾಳೋ ಇಲ್ಲವೋ ಎಂಬ ಯೋಚನೆ ಬಂದದ್ದೇ, ಸರಿಯಿಲ್ಲವೆಂದಿದ್ದ ಅವಳ ಫೋನಿಗೇ ಕರೆ ಮಾಡಿದರು.

ಎರಡು ಸಲ ಫೋನು ಹೊಡೆದುಕೊಂಡು ನಿಂತಿತು. ಮೂರನೆಯ ಸಲ ಎತ್ತಿದಳು. ದನಿ ಅವಳದೇ, ಆದರೆ ಮಾತು ತೊದಲುತ್ತಿತ್ತು, ಬಾಯಲ್ಲಿ ಏನೋ ತುಂಬಿಕೊಂಡವರಂತೆ.

"ಗೊತ್ತಾಯ್ತಾ?" ಎಂದಳು.

"ಏನಾಯ್ತಕ್ಕಾ?"

"ದವಡೆ ಆಪರೇಷನ್ ಕಣೋ. ಅರ್ಧ ತೆಗೆದ್ರು. ಮುಖ ಸೊಟ್ಟಗಾಗುತ್ತೆ ಅಂದಿದ್ರು, ಅದಕ್ಕೇ ಹಿಂದಿನ ದಿನ ಟೈಮರ್ ಇಟ್ಟು ತೆಗೆದಿಟ್ಟೆ. ನೀನು ಹೆದರ್ತೀಯ ಅಂತ."

"ಎಷ್ಟು ತೆಗೆದೆ?"

"ಅರವತ್ತು."

ಸಾಹೇಬರು ಲೆಕ್ಕ ಹಾಕಿದರು. ತಿಂಗಳಿಗೊಂದರಂತೆ ಐದು ವರ್ಷ. "ಅಷ್ಟೊಂದು ಯಾಕಕ್ಕಾ?"

"ಅಷ್ಟರೊಳಗೆ ನೀನು ಬರಲ್ಲ ಅಂದ್ಕೊಂಡೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ಎಷ್ಟೋ ವಾಸಿಯಾಗುತ್ತಿತ್ತು. 'ಮುಂದಿನ ತಿಂಗಳು ಬರ್ತೀನಿ' ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡರು.

"ಫೋನು ಇಡಬೇಡ ಅಕ್ಕಾ," ಎಂದು ಎದ್ದು, ಅದನ್ನು ಕಿವಿಗೊತ್ತಿಕೊಂಡೇ ಕೋಣೆಗೆ ಬೀಗ ಹಾಕಿ, ಬಸ್ ನಿಲ್ದಾಣದ ಕಡೆ ನಡೆದರು.