ಮುದಿ ಇಂಜಿನ್ನಿಗೆ ಎರಡು ಬಾಟಲಿ ಉಪಕಾರ

ಬೆಳಗಿನ ಜಾವದ ಗಲ್ಲಿಯಲ್ಲಿ ಬಿಳಿ ವ್ಯಾನೊಂದರ ಅಡಿಯಿಂದ ಎರಡು ಕಾಲುಗಳು ಹೊರಚಾಚಿವೆ. ಹಿಂದೆಯೇ ಒಂದು ಬೈಗುಳವೂ ಹೊರಬರುತ್ತದೆ. "ಹಾಳಾದ್ದು, ಮತ್ತೆ ತೊಟ್ಟಿಕ್ತಾ ಇದೆ!" ಟಾರ್ಚ್ ಆರುತ್ತದೆ. ವ್ಯಾನಕ್ಕ ತೆವಳಿಕೊಂಡು ಈಚೆ ಬಂದು, ರಾತ್ರಿ ನೆಲಕ್ಕೆ ಹಾಸಿದ್ದ ರಟ್ಟನ್ನು ಎಳೆದು, ಅದರ ಮೇಲಿನ ಎಣ್ಣೆಯ ಕಲೆಯನ್ನು ಫೇಲಾದ ಮಗನ ಮುಖ ನೋಡುವಂತೆ ನೋಡುತ್ತಾರೆ. ಆಮೇಲೆ ಬಾನೆಟ್ ಎತ್ತುತ್ತಾರೆ. ಆಯಿಲ್ ಅಳೆಯುವ ಕಡ್ಡಿ ಎಳೆದು, ಹಳೆಯ ಬನಿಯನ್ ಚೂರಿಗೆ ಒರೆಸಿ, ಮತ್ತೆ ಇಳಿಸಿ ಎತ್ತಿ, ಕೊರತೆ ಬಿದ್ದಷ್ಟು ಆಯಿಲ್ ಸುರಿಯುತ್ತಾರೆ. ಬಾನೆಟ್ ಮುಚ್ಚಿದ ಸದ್ದಿಗೆ ಎದುರು ಮನೆಯ ನಾಯಿ ಒಮ್ಮೆ ಬೊಗಳಿ ಸುಮ್ಮನಾಗುತ್ತದೆ.

ಎಲ್ಲರ ಬಾಯಲ್ಲೂ ವ್ಯಾನಕ್ಕ ಆಗಿರುವ ಇವರಿಗೆ ಐವತ್ತರ ಆಸುಪಾಸು. ಕಿಡ್ನಿ ಕೈಕೊಟ್ಟವರನ್ನು ಮನೆಮನೆಯಿಂದ ಹತ್ತಿಸಿಕೊಂಡು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೆ ಮುಟ್ಟಿಸುವುದು, ನಾಲ್ಕು ಗಂಟೆ ರಕ್ತ ತೊಳೆಸಿಕೊಂಡು ಸೋತು ಹೊರಬಂದವರನ್ನು ಮತ್ತೆ ಮನೆಗೆ ಬಿಡುವುದು ಅವರ ಕೆಲಸ. ವಾರದಲ್ಲಿ ಆರು ದಿನ, ಒಂದೊಂದು ತಂಡಕ್ಕೆ ಮೂರು ಸರದಿ. ವಾರ್ಡಿನ ಗೋಡೆಯಲ್ಲಿ ದಾನಿಗಳ ಹೆಸರಿದೆ, ಉದ್ಘಾಟನೆ ಮಾಡಿದವರ ಹೆಸರಿದೆ, ಫ್ಯಾನ್ ಕೊಟ್ಟವರ ಹೆಸರೂ ಇದೆ. ಪ್ರತಿದಿನ ರೋಗಿಗಳನ್ನು ಹೊತ್ತು ತರುವವರ ಹೆಸರು ಮಾತ್ರ ಯಾವ ಬೋರ್ಡಿಗೂ ಹತ್ತಿಲ್ಲ. "ಹತ್ತೋದು ಬೇಡ, ಸದ್ಯ ಇವರು ನೆಟ್ಟಗೆ ವ್ಯಾನ್ ಹತ್ತಿದ್ರೆ ಸಾಕಾಗಿದೆ" ಎನ್ನುತ್ತಾರೆ ವ್ಯಾನಕ್ಕ, ಸೀಟು ಒರೆಸುತ್ತಾ.

ಇವತ್ತು ಕೋಪ ಮೂಗಿನ ತುದಿಯಲ್ಲೇ ಇದೆ. ಒಂದು ವಾರ ಗ್ಯಾರೇಜಿನಲ್ಲಿದ್ದ ವ್ಯಾನ್ ನಿನ್ನೆ ಸಂಜೆ ಮನೆಗೆ ಬಂದಿದೆ, ಇದು ಮೊದಲ ಟ್ರಿಪ್ಪು. ಸಿಟ್ಟು ವ್ಯಾನಿನ ಮೇಲಲ್ಲ. ನಿನ್ನೆ ವಾರ್ಡಿನ ಸಿಸ್ಟರ್ ಫೋನ್ ಮಾಡಿ, "ಅಕ್ಕಾ, ನಿಮ್ಮ ಕಂಡಕ್ಟ್ರಜ್ಜ ಎರಡು ಸರದಿಯಿಂದ ಬಂದಿಲ್ಲ, ಏನ್ ಸಮಾಚಾರ?" ಎಂದು ಕೇಳಿದ್ದಾರೆ. ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದ ಈ ಅಜ್ಜ ವ್ಯಾನಿನ ಮುಂದಿನ ಸೀಟಿನ ಕಾಯಂ ಗಿರಾಕಿ. ವ್ಯಾನ್ ಗ್ಯಾರೇಜು ಸೇರಿದ ಮೇಲೆ ಉಳಿದವರು ಹೇಗೋ ಆಟೊ ಹಿಡಿದು ವಾರ್ಡು ಮುಟ್ಟುತ್ತಿದ್ದರು. ಅಜ್ಜ ಮಾತ್ರ, "ನನ್ನ ಚಿಂತೆ ಬಿಡು ಮಗಳೇ, ಮಗ ಕರ್ಕೊಂಡು ಹೋಗ್ತಾನೆ" ಎಂದಿದ್ದರು. ಮಗನೂ ಕರೆದೊಯ್ದಿಲ್ಲ, ಮೊಮ್ಮಗನೂ ಕರೆದೊಯ್ದಿಲ್ಲ. ಅಜ್ಜ ಫೋನೂ ಎತ್ತುತ್ತಿಲ್ಲ. ಎರಡು ಸರದಿ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಮೂರನೆಯದೂ ತಪ್ಪಿದರೆ ಏನೆಂದು ಈ ವ್ಯಾನಿನಲ್ಲಿ ಕೂರುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ಮೂರನೆಯ ಸರದಿ ಇವತ್ತು.

ವ್ಯಾನಕ್ಕ ಸ್ಟೇರಿಂಗ್ ಹಿಡಿದದ್ದು ಶೋಕಿಗಲ್ಲ. ಅತ್ತೆಗೆ ಡಯಾಲಿಸಿಸ್ ಶುರುವಾದಾಗ ಬೆಳಗಿನ ಜಾವಕ್ಕೆ ಬರುತ್ತೇನೆಂದ ಬಾಡಿಗೆ ಗಾಡಿಯವರು ಒಬ್ಬರಾದ ಮೇಲೊಬ್ಬರು ಕೈಕೊಟ್ಟರು. ಗಂಡ ಟೈಲರ್. ಸೂಜಿಗೆ ದಾರ ಪೋಣಿಸುವಾಗ ನಡುಗದ ಕೈ ಸ್ಟೇರಿಂಗ್ ಮುಟ್ಟಿದರೆ ಗಡಗಡ. "ನೀವು ಹೊಲೀರಿ, ನಾನೇ ಕಲೀತೀನಿ" ಎಂದು ವ್ಯಾನಕ್ಕ ಕಲಿತರು, ಹಳೆಯ ವ್ಯಾನೊಂದನ್ನು ಕೊಂಡರು. ವಾರ್ಡಿನ ಬಾಗಿಲಲ್ಲಿ ಕಾದು ಕೂತವರು, "ನಮ್ಮನ್ನೂ ಮನೆ ಹತ್ರ ಬಿಡ್ತೀರಾ ಅಮ್ಮ?" ಎಂದು ಕೇಳತೊಡಗಿದರು. ಕೆಲವು ವರ್ಷಕ್ಕೆ ಅತ್ತೆ ತೀರಿಕೊಂಡರು. "ಅತ್ತೆ ಹೋದ್ರು ಅಂತ ಉಳಿದವರ ಕಿಡ್ನಿ ಸರಿಹೋಗುತ್ತಾ?" ಎಂದು ಕೇಳುವ ವ್ಯಾನಕ್ಕ, ಹದಿಮೂರನೆಯ ದಿನ ಕಳೆಯುವ ಮೊದಲೇ ಮತ್ತೆ ಗಾಡಿ ಹೊರಗೆ ತೆಗೆದಿದ್ದರು. ಯಾರು ಏನಂದರೋ ಅವರಿಗೆ ನೆನಪಿಲ್ಲ, ನೆನಪಿಟ್ಟುಕೊಳ್ಳಲು ಪುರುಸೊತ್ತೂ ಇರಲಿಲ್ಲ.

ಈಗ ವ್ಯಾನಿನ ಮೀಟರು ನಾಲ್ಕು ಲಕ್ಷ ಕಿಲೋಮೀಟರ್ ದಾಟಿದೆ. ಏರು ಬಂದರೆ ಏದುಸಿರು, ಚಳಿ ಬಂದರೆ ಕೆಮ್ಮು. ಅಲ್ಲಿಗೆ ಶುರುವಾಯಿತು ನೋಡಿ, ಬಾಟಲಿ ಕಾಟ! ಇಂಜಿನ್ ಒಳಗಿನ ಕೊಳೆ ತೊಳೆಯುತ್ತದೆ, ಇಂಜಿನ್ ಹೊಸದಾಗುತ್ತದೆ ಎಂದು ಬಣ್ಣಬಣ್ಣದ ಬಾಟಲಿಗಳು ಬರುತ್ತವಲ್ಲ, ಅವು. ರೋಗಿಗಳಿಗೆ ವ್ಯಾನಕ್ಕನ ಋಣ ತೀರಿಸುವ ಆಸೆ. ಹಣ್ಣು ತಂದರೆ ವಾಪಸ್ ಕೊಡುತ್ತಾರೆ, ಸೀರೆ ತಂದರೆ ಬೈಯುತ್ತಾರೆ. ಸರಿ, ವ್ಯಾನಿಗೇ ಏನಾದರೂ ಕೊಡೋಣ ಎಂದು ಒಬ್ಬರು ಒಂದು ಬಾಟಲಿ ತಂದರು. ಅವರನ್ನು ನೋಡಿ ಇನ್ನೊಬ್ಬರು. "ಟಿವೀಲಿ ತೋರಿಸಿದ್ರು", "ನಮ್ಮ ಭಾಮೈದ ಹಾಕಿಸ್ದ, ಗಾಡಿ ಕುದುರೆ ಥರ ಓಡ್ತಿದೆ", "ಒಂದ್ಸಲ ಹಾಕಿ ನೋಡಿ, ನಷ್ಟ ಏನು?" ಬಿಟ್ಟಿ ಸಲಹೆಗೆ ಬರಗಾಲವೇ? ವ್ಯಾನಕ್ಕ ಹೂಂ ಎಂದು ತಂದು ಗಂಡನ ಕತ್ತರಿಸುವ ಮೇಜಿನ ಕೆಳಗೆ ಸಾಲಾಗಿ ಇಟ್ಟರು. ಒಂದನ್ನೂ ಬಿಚ್ಚಲಿಲ್ಲ. ಬೇಡವೆಂದು ಮೆಕ್ಯಾನಿಕ್ ಹೇಳಿದ್ದ.

ಆದರೆ ಕಂಡಕ್ಟ್ರಜ್ಜನಿಗೆ ಸಮಾಧಾನವಿಲ್ಲ. ಜೀವಮಾನವಿಡೀ ಬಸ್ಸಿನಲ್ಲೇ ಕಳೆದವರು, ಹಾಗಾಗಿ ಇಂಜಿನ್ನಿನ ವಿಷಯ ತಮಗೆ ಅಂಗೈ ಮೇಲಿನ ನೆಲ್ಲಿಕಾಯಿ ಎಂದು ನಂಬಿದವರು. ಬಸ್ಸಿನ ಬಾನೆಟ್ ಮೇಲೆ ಟಿಕೆಟ್ ಚೀಲ ಇಟ್ಟದ್ದು ಬಿಟ್ಟರೆ ಅದನ್ನು ಎತ್ತಿ ನೋಡಿದವರಲ್ಲ. "ನೋಡು ಮಗಳೇ, ವಾರಕ್ಕೆ ಮೂರು ಸಲ ನನ್ನ ರಕ್ತ ತೊಳೀತಾರೆ. ಅದಕ್ಕೇ ಬದುಕಿದ್ದೀನಿ. ಈ ವ್ಯಾನು ಇಷ್ಟು ವರ್ಷ ನಮ್ಮನ್ನ ಹೊತ್ತಿದೆ, ಅದರ ರಕ್ತ ಒಂದ್ಸಲನಾದ್ರೂ ತೊಳೀಬಾರದಾ?" ಎಂದು ದಿನಾ ಒಂದೇ ರಾಗ. ವ್ಯಾನಕ್ಕ ದಿನಾ "ಬೇಡ ಅಜ್ಜ" ಎನ್ನುವುದು. ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ? ಅಜ್ಜ ವ್ಯಾನಕ್ಕನನ್ನು ಬಿಟ್ಟು ಟೈಲರನ್ನು ಹಿಡಿದರು.

ಹೋದ ವಾರ ಒಂದು ಬೆಳಗ್ಗೆ ಅಜ್ಜ ತಾವೇ ವ್ಯಾನಕ್ಕನ ಮನೆಗೆ ಬಂದರು. ವ್ಯಾನಕ್ಕ ಒಳಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಈ ಇಬ್ಬರು ಮಹನೀಯರು ಬಾನೆಟ್ ಎತ್ತಿದರು. ಬಾಟಲಿ ಮೇಲೆ ಸಣ್ಣ ಅಕ್ಷರದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಒಂದು ಬಾಟಲಿ ಹಾಕಿ, ಹತ್ತು ನಿಮಿಷ ಗಾಡಿ ನಿಂತಲ್ಲೇ ಇಂಜಿನ್ ಓಡಿಸಿ, ಹಳೆ ಆಯಿಲನ್ನು ಪೂರ್ತಿ ಇಳಿಸಿ, ಹೊಸದು ತುಂಬಿ. ಓದುವ ಕನ್ನಡಕ ಇಬ್ಬರ ಹತ್ತಿರವೂ ಇರಲಿಲ್ಲ. ಟೈಲರ್ ತಮ್ಮ ಕಸುಬಿನ ಲೆಕ್ಕ ಹಾಕಿದರು: ಹೊಸ ಬಟ್ಟೆಗೆ ಒಂದು ಹೊಲಿಗೆ ಸಾಕು, ಹಳೆ ಬಟ್ಟೆಗೆ ಎರಡು ಬೇಕು. ಎರಡು ಬಾಟಲಿ ಸುರಿದರು. ಆಯಿಲ್ ಇಳಿಸುವ ಮಾತೇ ಇಲ್ಲ. "ಒಳಗಿದ್ದಷ್ಟೂ ಹೊತ್ತು ಕೆಲಸ ಮಾಡ್ಲಿ ಅಂದ್ಕೊಂಡ್ವಿ ಕಣೇ" ಎಂದು ಟೈಲರ್ ಈಗಲೂ ಹೇಳುತ್ತಾರೆ, ಹೆಂಡತಿಯಿಂದ ನಾಲ್ಕು ಹೆಜ್ಜೆ ದೂರ ನಿಂತು.

ಮೊದಲ ಮೈಲಿ ಇಂಜಿನ್ ನಿಜಕ್ಕೂ ನಯವಾಗಿ ಓಡಿತು. ಅಜ್ಜ ಮುಂದಿನ ಸೀಟಿನಲ್ಲಿ ಒಳಗೊಳಗೇ ನಗುತ್ತಿದ್ದರಂತೆ. ದೊಡ್ಡ ರಸ್ತೆಗೆ ಬರುತ್ತಿದ್ದಂತೆ ಆಯಿಲಿನ ಕೆಂಪು ದೀಪ ಹತ್ತಿತು, ಹಿಂದೆಯೇ ಇಂಜಿನ್ನಿನಿಂದ ಟಕಟಕ ಸದ್ದು. ವ್ಯಾನಕ್ಕ ಆ ಕ್ಷಣವೇ ಪಕ್ಕಕ್ಕೆ ಎಳೆದು ಇಂಜಿನ್ ಆಫ್ ಮಾಡಿದರು. ಒಳಗೆ ಐದು ಜನ ರೋಗಿಗಳು. ತಡವಾದರೆ ಡಯಾಲಿಸಿಸ್ ಕುರ್ಚಿ ಮುಂದಿನವರ ಪಾಲು. "ಆಗಿದ್ದೇನು ಅಂತ ನನಗೆ ತಿಳೀಲಿಲ್ಲ. ಅಜ್ಜನ ಮುಖ ನೋಡಿದೆ, ತಿಳೀತು" ಎನ್ನುತ್ತಾರೆ. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟರು. ಅನ್ನುತ್ತಲೇ ರಸ್ತೆಗೆ ಅಡ್ಡ ನಿಂತು ಬ್ರೆಡ್ ಸಾಗಿಸುವ ಗಾಡಿಯೊಂದನ್ನು ತಡೆದರು, ಖಾಲಿ ಟ್ರೇಗಳ ನಡುವೆ ಐವರನ್ನೂ ಕೂರಿಸಿದರು, ಸಿಸ್ಟರಿಗೆ ಫೋನ್ ಮಾಡಿ ಕುರ್ಚಿ ಬಿಟ್ಟುಕೊಡಬೇಡಿ ಎಂದು ಗೋಗರೆದರು. ಐದೂ ಜನಕ್ಕೆ ಕುರ್ಚಿ ಸಿಕ್ಕಿತು, ನಾಲ್ಕು ಗಂಟೆಯ ಬದಲು ಮೂರು ಗಂಟೆ.

ಮೆಕ್ಯಾನಿಕ್ ಇಂಜಿನ್ನಿನ ತಳ ಬಿಚ್ಚಿ ತೋರಿಸಿದ. ವರ್ಷಗಳಿಂದ ಗೋಡೆಗೆ ಅಂಟಿ ಕೂತಿದ್ದ ಮಡ್ಡಿಯೆಲ್ಲ ಒಮ್ಮೆಲೇ ಕಿತ್ತುಬಂದು, ಆಯಿಲ್ ಹೀರುವ ಜಾಲರಿಯ ಬಾಯಿ ಮುಚ್ಚಿತ್ತು. ತಳದಲ್ಲಿ ಆಯಿಲ್ ತುಂಬಿದ್ದರೂ ಮೇಲಕ್ಕೆ ಒಂದು ತೊಟ್ಟೂ ಏರುತ್ತಿರಲಿಲ್ಲ. "ಬಾಟ್ಲಿನೇ ಕೆಟ್ಟದ್ದು ಅಂತಲ್ಲ ಅಕ್ಕ. ಮೊದಲಿಂದ ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದ ಗಾಡಿಗೆ, ಬರೆದಿರೋ ಹಾಗೆ ಹಾಕಿ ಇಳಿಸಿದ್ರೆ ಏನೂ ಆಗಲ್ಲ. ನಿಮ್ಮದನ್ನ ಹಿಂದಿನ ಯಜಮಾನ ಹೇಗ್ಹೇಗೋ ಓಡಿಸಿದಾನೆ. ಇದಕ್ಕೆ ಒಳ್ಳೆ ಆಯಿಲ್ ಹಾಕಿ, ಬೇಗಬೇಗ ಬದಲಿಸ್ತಾ, ಸ್ವಲ್ಪ ಸ್ವಲ್ಪನೇ ಕೊಳೆ ಬಿಡಿಸ್ಬೇಕು. ದೀಪ ನೋಡಿದ ತಕ್ಷಣ ನೀವು ಆಫ್ ಮಾಡದಿದ್ರೆ ಇವತ್ತು ಗುಜರಿಗೆ ಹಾಕ್ತಿದ್ವಿ" ಎಂದ. ಜಾಲರಿ ಬಿಚ್ಚಿ ತೊಳೆದ, ತಳವನ್ನು ಕೈಯಿಂದಲೇ ಕೆರೆದ. ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲು ಸವೆದಿದ್ದ ಸಂದಿಯನ್ನು ಆ ಮಡ್ಡಿಯೇ ಮುಚ್ಚಿಕೊಂಡಿತ್ತಂತೆ. ಅದೂ ತೊಳೆದುಹೋಗಿ ಈಗ ಸೋರಿಕೆ. ಸೀಲು ಬದಲಿಸಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಇನ್ನೂ ಒಂದು ವಾರ ಬೇಕು. ಅಷ್ಟು ದಿನ ವ್ಯಾನ್ ನಿಲ್ಲಿಸಿದರೆ ರೋಗಿಗಳ ಗತಿ? "ಸೋರ್ಲಿ, ದಿನಾ ಸುರೀತೀನಿ" ಎಂದು ವ್ಯಾನಕ್ಕ ಗಾಡಿ ಬಿಡಿಸಿಕೊಂಡು ಬಂದಿದ್ದಾರೆ.

ಇಷ್ಟಾದರೂ ಬುದ್ಧಿ ಬಂತೇ? ಇವತ್ತು ಎರಡನೇ ಮನೆಯ ಬಾಗಿಲಲ್ಲಿ ಹತ್ತಿದ ಹೆಂಗಸೊಬ್ಬರು ಚೀಲದಿಂದ ಏನನ್ನೋ ತೆಗೆಯುತ್ತಾರೆ. ಬಾಟಲಿ! "ವ್ಯಾನ್ ಸೋರ್ತಿದೆ ಅಂತ ನಿಮ್ಮ ಯಜಮಾನ್ರು ಹೇಳಿದ್ರು. ಇದು ಸೋರೋದು ನಿಲ್ಲಿಸುತ್ತಂತೆ ಅಕ್ಕ." ವ್ಯಾನಕ್ಕ ಎರಡು ಕೈಯಲ್ಲಿ ತಲೆ ಹಿಡಿದುಕೊಳ್ಳುತ್ತಾರೆ. ಬಾಟಲಿ ವಾಪಸ್ ಚೀಲಕ್ಕೆ ಹೋಗುತ್ತದೆ.

ಕಂಡಕ್ಟ್ರಜ್ಜನ ಮನೆಯ ಮುಂದೆ ವ್ಯಾನ್ ನಿಲ್ಲುತ್ತದೆ. ಕೈಯಲ್ಲಿ ಸೌಟು ಹಿಡಿದೇ ಹೊರಬಂದ ಸೊಸೆಗೆ ಅಚ್ಚರಿ. "ಮಾವ ಆಗ್ಲೇ ಹೊರಟ್ರಲ್ಲ ಅಕ್ಕ! ನೀವು ಈಗ ಮೇನ್ ರೋಡಲ್ಲೇ ಹತ್ತಿಸ್ಕೊಳ್ತೀರಂತೆ. ಹೋದ ವಾರದಿಂದ ಹಾಗೇ ಹೋಗಿ ಮಧ್ಯಾಹ್ನ ಬರ್ತಿದ್ದಾರೆ." ವ್ಯಾನಕ್ಕ ಗೇರ್ ಹಾಕುತ್ತಾರೆ. ವ್ಯಾನ್ ಸೀದಾ ಮೇನ್ ರೋಡಿನ ಬಸ್ ನಿಲ್ದಾಣಕ್ಕೆ ಬರುತ್ತದೆ.

ಅಜ್ಜ ಅಲ್ಲೇ ಇದ್ದಾರೆ. ಕಲ್ಲುಬೆಂಚಿನ ಮೇಲೆ, ಡಯಾಲಿಸಿಸ್ ದಿನ ಒಯ್ಯುವ ಹೊದಿಕೆಯ ಚೀಲ ತೊಡೆಯ ಮೇಲಿಟ್ಟುಕೊಂಡು. ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿದೆ. ಎರಡು ಮಾತಿಗೊಮ್ಮೆ ಉಸಿರೆಳೆದುಕೊಳ್ಳುತ್ತಾರೆ. "ನಾನು ಯಾವ ಮುಖ ಇಟ್ಕೊಂಡು ಹತ್ಲಿ ಮಗಳೇ? ಐದು ಜನರ ಸರದಿ ನನ್ನಿಂದ ಹೋಗ್ತಿತ್ತು. ನೀನು ಅವತ್ತು ಅಂದಿದ್ದು ಸರಿಯಾಗೇ ಇತ್ತು."

"ಅಂದೆ. ಇನ್ನೂ ಅಂತೀನಿ. ಸಾಯೋವರೆಗೂ ಅಂತೀನಿ. ಅನ್ನಿಸ್ಕೊಳ್ಳೋಕೆ ನೀವಿರಬೇಕಲ್ಲ!" ವ್ಯಾನಕ್ಕನ ದನಿ ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಏರಿದೆ. "ನಾಲ್ಕು ಗಂಟೆ ಕೂರಿಸಿ ನಿಧಾನಕ್ಕೆ ತೊಳೀತಾರಲ್ಲ ನಿಮ್ಮನ್ನ, ಯಾಕೆ ಅಂತ ಒಂದಿನ ಯೋಚನೆ ಮಾಡಿದ್ರಾ? ಹತ್ತು ನಿಮಿಷಕ್ಕೆ ಎಲ್ಲಾ ಎಳೆದಿದ್ರೆ ಇರ್ತಿದ್ರಾ? ವ್ಯಾನಿನ ಜಾಲರಿ ಕಟ್ಕೊಂಡ್ರೆ ಬಿಚ್ಚಿ ತೊಳೆಯೋರು ಇದ್ದಾರೆ. ನಮ್ಮ ವ್ಯಾನಲ್ಲಿ ಸೀಟು ಖಾಲಿ ಬಿದ್ರೆ ಯಾರೂ ಯಾಕೆ ಅಂತ ಕೇಳಲ್ಲ, ಗೊತ್ತಲ್ಲ ನಿಮಗೆ? ಬದುಕಿರೋರು ಸೀಟು ಖಾಲಿ ಬಿಟ್ರೆ ನಾನು ಸುಮ್ನಿರ್ತೀನಾ? ಏಳಿ ಮೇಲೆ!" ಬೈಯುತ್ತಲೇ ಅವರ ಕಂಕುಳಿಗೆ ಕೈ ಹಾಕಿ ಎಬ್ಬಿಸುತ್ತಾರೆ. ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲ, ಭುಜಕ್ಕೇ ಮುಖ ಉಜ್ಜಿಕೊಳ್ಳುತ್ತಾರೆ. ಹಿಂದಿನ ಸೀಟಿನವರು ಕಿಟಕಿಯಿಂದ ಚೀಲಕ್ಕೆ ಕೈ ಚಾಚುತ್ತಾರೆ.

ವಾರ್ಡಿನಲ್ಲಿ ಸಿಸ್ಟರ್ ಕೂಡ ಅಜ್ಜನಿಗೆ ಬೈಯುತ್ತಾರೆ. ಡಾಕ್ಟರು ಬಂದು ನೋಡಿ, ಇನ್ನೊಂದು ದಿನ ಕಳೆದಿದ್ದರೆ ಕಷ್ಟವಿತ್ತು ಎಂದು ಹೇಳಿ, ಮೊದಲು ಅವರನ್ನೇ ಮಷೀನಿಗೆ ಹಾಕಿಸುತ್ತಾರೆ. ಕೊಳವೆಯಲ್ಲಿ ರಕ್ತ ಓಡತೊಡಗಿದ್ದನ್ನು ಬಾಗಿಲ ಗಾಜಿನಿಂದ ನೋಡಿ, ವ್ಯಾನಕ್ಕ ಹೊರಗೆ ಮೆಟ್ಟಿಲ ಮೇಲೆ ಕೂರುತ್ತಾರೆ. ಉಗುರಿನ ಸಂದಿಯಲ್ಲಿ ಕಪ್ಪು ಮಡ್ಡಿ ಇನ್ನೂ ಇದೆ.

ನಿಮಗೇನು ಆಸೆ ಎಂದು ಕೇಳಿದರೆ ಮೊದಲು ಸಿಡುಕುತ್ತಾರೆ. ಹೊಸ ಗಾಡಿಯೇ ಎಂದರೆ ಕೈ ಬೀಸಿ ತಳ್ಳಿಹಾಕುತ್ತಾರೆ. ಆಮೇಲೆ ವಾರ್ಡಿನ ಬಾಗಿಲ ಕಡೆ ನೋಡಿ ಹೇಳುತ್ತಾರೆ: "ಯಾರೂ ನನಗೂ ಏನೂ ತರಬೇಡಿ, ನನ್ನ ವ್ಯಾನಿಗೂ ಏನೂ ತರಬೇಡಿ. ಬರಿಗೈಲಿ ಬರ್ಲಿ. ಆದ್ರೆ ಬರ್ಲಿ."