ಕಂಡಕ್ಟರ್ ಉಷಾರಾಣಿ ಮತ್ತು ಕಬ್ಬಿಣದ ಮೋರೆಯ ದಳವಾಯಿ

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬೆಳಗಿನ ಸರ್ಕಾರಿ ಬಸ್ಸಿನಲ್ಲಿ ಓಡಾಡುವವರಿಗೆ ಕಂಡಕ್ಟರ್ ಉಷಾರಾಣಿಯ ಪರಿಚಯ ಮಾಡಿಕೊಡಬೇಕಿಲ್ಲ. ಬಸ್ಸು ಎಷ್ಟೇ ತುಂಬಿರಲಿ, ಕಾಲೇಜು ಹುಡುಗರು ಎಷ್ಟೇ ಗಲಾಟೆ ಮಾಡಲಿ, "ಹಿಂದಕ್ಕೆ ಹೋಗ್ರಿ, ಹಿಂದೆ ಜಾಗ ಐತೆ" ಎಂದು ಆಕೆ ಒಮ್ಮೆ ಕೂಗಿದರೆ ಕೊನೆಯ ಸೀಟಿನಲ್ಲಿ ತೂಕಡಿಸುತ್ತಿದ್ದವನೂ ಕಣ್ಣು ಬಿಡುತ್ತಾನೆ. ತವರೂರು ತಾಳ್ಯದ ಜೋಳದ ಹೊಲದಲ್ಲಿ ಹಕ್ಕಿ ಓಡಿಸುತ್ತ ಬೆಳೆದ ಗಂಟಲು ಅದು. ಅಂಥ ಗಂಟಲಿನವಳು ಪಿಸುಮಾತು ಕಲಿತದ್ದು ಅತ್ತೆ ಬೋರಕ್ಕನಿಗಾಗಿ.

ಬೋರಕ್ಕನಿಗೆ ಸಕ್ಕರೆ ಕಾಯಿಲೆಯಲ್ಲಿ ಎರಡೂ ಕಣ್ಣು ಹೋಗಿದ್ದವು. ಪ್ರಾಯದಲ್ಲಿ ಆಕೆಗಿದ್ದ ಸಿನಿಮಾ ಹುಚ್ಚು ಅಷ್ಟಿಷ್ಟಲ್ಲ. ಕಡಲೆಕಾಯಿ ಹೊಲದ ಕೂಲಿ ಮುಗಿಸಿ, ಮೈಕೈ ಮಣ್ಣಲ್ಲೇ ಟೆಂಟಿಗೆ ಓಡಿ, ಮರಳ ಮೇಲೆ ಕುಕ್ಕರುಗಾಲಲ್ಲಿ ಕೂತು ನೋಡಿದವಳು. ಅದರಲ್ಲೂ ಆಕೆಗೆ ಬೇಕಾದದ್ದು ಖಳನಾಯಕ. "ಹೀರೋ ಗೆಲ್ಲಾದು ಪೋಸ್ಟರಲ್ಲೇ ಗೊತ್ತಾಗ್ತೈತೆ. ಕೆಟ್ಟೋನು ಯಾಕೆ ಕೆಟ್ಟ ಅನ್ನಾದು ಕೊನೇತನಕ ಕುಂತ್ರೇ ಗೊತ್ತಾಗಾದು" ಎನ್ನುತ್ತಿದ್ದಳು. ಕಣ್ಣು ಹೋದ ಮೇಲೆ ಮನೆಯಲ್ಲಿ ಟಿವಿ ಹಾಕಿದರೆ ಸಾಕು, ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಸೊಸೆಗೆ ಅದನ್ನು ನೋಡಲಾಗಲಿಲ್ಲ.

ಒಂದು ರಜೆಯ ದಿನ ಉಷಾರಾಣಿ ಅತ್ತೆಯ ತಲೆ ಬಾಚಿ, ಹೂ ಮುಡಿಸಿ, "ನಡೀರಿ ಅತ್ತೆ, ದುರ್ಗಕ್ಕೆ ಹೋಗಾಣ, ಮ್ಯಾಟಿನಿ ಐತೆ" ಎಂದಳು.

"ಕುರುಡಿಗೆ ಯಾತರ ಸಿನಿಮಾನೇ?"

"ನೀವು ಕೇಳ್ರಿ. ಕಾಣಾದನ್ನ ನಾನು ಹೇಳ್ತೀನಿ."

ಮೊದಲ ಸಲ ಫಜೀತಿಯೇ ಆಯಿತು. ಉಷಾರಾಣಿ ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡದ್ದು ಅರ್ಧ ಥಿಯೇಟರಿಗೆ ಕೇಳಿಸಿತು. ಮುಂದಿನ ಸಾಲಿನವನೊಬ್ಬ ತಿರುಗಿ, "ಅಕ್ಕಾ, ಇದು ಬಸ್ಸಲ್ಲ" ಎಂದ. ಆಕೆಗೆ ಮುಖ ಎಲ್ಲಿಡಲಿ ಅನ್ನಿಸಿತು. ಆದರೆ ಬೋರಕ್ಕ ಮೊಣಕೈಯಿಂದ ತಿವಿದು, "ನಿಲ್ಲಿಸಬ್ಯಾಡ, ಅವನ ಕೈಯಾಗೆ ಏನೈತೆ ಹೇಳು" ಎಂದು ಕೇಳಿದಳು. ಆ ಕೇಳುವಿಕೆಯಲ್ಲಿ ಹಳೆಯ ಬೋರಕ್ಕ ಇದ್ದಳು.

ಹೋಗುತ್ತ ಹೋಗುತ್ತ ಉಷಾರಾಣಿ ಹದ ಹಿಡಿದಳು. ಪಾತ್ರಗಳು ಮಾತಾಡುವಾಗ ಸುಮ್ಮನಿರಬೇಕು, ಮಾತು ನಿಂತ ಸಂದಿಯಲ್ಲಿ ನಾಲ್ಕೇ ಪದ ತೂರಿಸಬೇಕು. 'ಬೇಜಾರಾಗಿದ್ದಾನೆ' ಎಂದರೆ ಅತ್ತೆಗೆ ಸಿಟ್ಟು ಬರುತ್ತಿತ್ತು. "ಬೇಜಾರೋ ನಾಟಕವೋ ನಾನು ಹೇಳ್ತೀನಿ. ನೀನು ಕಂಡಿದ್ದು ಹೇಳು." ಹಾಗಾಗಿ 'ತಲೆ ಬಗ್ಗಿಸ್ಯಾನೆ, ಉಂಗುರ ತಿರುವ್ತಾನೆ' ಎನ್ನುವುದನ್ನು ಕಲಿತಳು. ಹಾಗೆ ಹೇಳುತ್ತ ಹೇಳುತ್ತ ತಾನೂ ಹಿಂದೆಂದೂ ನೋಡದಷ್ಟು ನೋಡತೊಡಗಿದಳು.

ಆ ಹೊತ್ತಿಗೆ 'ಇರುಳುಗಿರಿ' ಬಂತು. ಹೊರಗಿನಿಂದ ಬಂದ ದೊಡ್ಡ ಮಾಯಾಲೋಕದ ಚಿತ್ರ, ಕನ್ನಡಕ್ಕೆ ಡಬ್ ಆಗಿತ್ತು. ಅದರಲ್ಲಿ ಕತ್ತಲೆಯನ್ನು ಸಾಕುವ ರಾಣಿಯೊಬ್ಬಳು. ಅವಳ ಸೈನ್ಯಕ್ಕೆ ಕಬ್ಬಿಣದ ಮುಖವಾಡ ಹಾಕಿದ ದಳವಾಯಿ. ಚಿತ್ರ ಮುಗಿದರೂ ಅವನು ಮುಖವಾಡ ತೆಗೆಯುವುದಿಲ್ಲ. ಕೆಲವು ತಿಂಗಳಾದ ಮೇಲೆ ಕತ್ತರಿಸಿದ್ದ ದೃಶ್ಯಗಳನ್ನೆಲ್ಲ ಸೇರಿಸಿ ಉದ್ದದ ಚಿತ್ರವನ್ನು ಮತ್ತೆ ಬಿಡುತ್ತಾರೆ, ಅದರಲ್ಲಿ ದಳವಾಯಿಯ ಮುಖ ಕಾಣುತ್ತದೆ ಎಂದು ಸುದ್ದಿಯಾಯಿತು. ಅಭಿಮಾನಿಗಳಿಗೆ ಅಷ್ಟು ಸಾಕಾಯಿತು. ದಳವಾಯಿ ಯಾರು?

ಉಷಾರಾಣಿಯ ಬಸ್ಸಿನಲ್ಲೂ ಅದೇ ಮಾತು. ದುರ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಲಕ್ಷ್ಮೀಕಾಂತ್ ದಿನಾ ಆ ಬಸ್ಸಿಗೇ ಬರುತ್ತಿದ್ದ. ಸಿನಿಮಾದ ಬಗ್ಗೆ ಅವನದೊಂದು ಯೂಟ್ಯೂಬ್ ಚಾನೆಲ್ಲೂ ಇತ್ತು. "ದಳವಾಯಿ ಹೀರೋನ ಸತ್ತೋದ ಅಪ್ಪನೇ. ಕತ್ತಿ ಹಿಡಿಯೋ ಶೈಲಿ ನೋಡ್ರಿ" ಎಂದು ಅವನು ವಾದಿಸುತ್ತಿದ್ದ. ಇಡೀ ಬಸ್ಸು ಹೌದೆನ್ನುತ್ತಿತ್ತು.

ಉಷಾರಾಣಿ ಟಿಕೆಟ್ ಹರಿಯುತ್ತಲೇ, "ನಮ್ಮತ್ತೆ ಬೇರೆ ಹೇಳ್ತಾರಪ್ಪ" ಎಂದಳು. "ದಳವಾಯಿ ಬೇರೆ ಯಾರೂ ಅಲ್ಲ, ಹೀರೋನ ಸಾಕಿದ ಗುರುನೇ ಅಂತೆ. ಎಲ್ಡೂ ಒಂದೇ ಗಂಟಲಂತೆ. ಮಾತು ಶುರು ಮಾಡಾ ಮುಂಚೆ ಇಬ್ಬರೂ ಒಂದೇ ಥರ ಉಸಿರು ಎಳ್ಕಂತಾರಂತೆ."

ಆ ಸಾಧು ಗುರುವೇ? ಲಕ್ಷ್ಮೀಕಾಂತ್ ಅಲ್ಲೇ ಫೋನಿನಲ್ಲಿ ಎರಡೂ ದೃಶ್ಯ ಹಾಕಿ, ಕಣ್ಣು ಮುಚ್ಚಿ ಕೇಳಿದ. ಕೇಳಿದವನೇ ತಲೆ ಕೆರೆದುಕೊಂಡು, "ಅಕ್ಕಾ, ನಿಮ್ಮತ್ತೇನ ನಾನು ನೋಡ್ಬೇಕು" ಎಂದ.

ಆ ಭಾನುವಾರ ಅವನು ಹೊಳಲ್ಕೆರೆಯ ಅವರ ಮನೆಗೆ ಬಂದು, ಅತ್ತೆ ಸೊಸೆಯನ್ನು ಕಟ್ಟೆಯ ಮೇಲೆ ಕೂರಿಸಿ ವಿಡಿಯೊ ಮಾಡಿದ. ಬೋರಕ್ಕ ಎಲೆ ಅಡಿಕೆ ಮೆಲ್ಲುತ್ತ, ಸಾಕಿದವನೇ ಯಾಕೆ ಶತ್ರುವಾಗಬಹುದು ಎಂದು ನಿಧಾನವಾಗಿ ಬಿಡಿಸಿ ಹೇಳಿದಳು. ವಿಡಿಯೊ ಊರೂರು ಸುತ್ತಿತು. ಹೊಗಳಿದವರು ಬಹಳ ಮಂದಿ. ಆದರೆ 'ಕುರುಡಿಗೆ ಸಿನಿಮಾ ಅಂತೆ, ಸೊಸೆಗೆ ಪ್ರಚಾರ ಅಂತೆ' ಎಂದು ಬರೆದವರೂ ಇದ್ದರು. ಅದನ್ನು ಓದಿದ ದಿನ ಉಷಾರಾಣಿಗೆ ಊಟ ಸೇರಲಿಲ್ಲ. ವಿಷಯ ತಿಳಿದ ಬೋರಕ್ಕ, "ಲೇ, ಬೈಯೋರೂ ಕೊನೇತನಕ ಕೇಳ್ಯಾರಲ್ಲ, ಬಿಡು" ಎಂದು ತಟ್ಟೆಯನ್ನು ಸೊಸೆಯ ಮುಂದೆ ತಳ್ಳಿದಳು.

ಉದ್ದದ ಚಿತ್ರ ಬಂದ ದಿನ ದುರ್ಗದ ಥಿಯೇಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಕ್ಷ್ಮೀಕಾಂತ್ ತನ್ನ ಗುಂಪಿನೊಂದಿಗೆ ಹಿಂದಿನ ಸಾಲಿನಲ್ಲಿದ್ದ. ಉಷಾರಾಣಿಯ ಬಾಯಿ ಅತ್ತೆಯ ಕಿವಿಯ ಹತ್ತಿರವೇ ಇತ್ತು. ಕೊನೆಗೂ ಆ ದೃಶ್ಯ ಬಂತು. ಕೋಟೆಯ ಬುರುಜಿನ ಮೇಲೆ ದಳವಾಯಿ ಮಂಡಿಯೂರಿ, ಎರಡೂ ಕೈಯಲ್ಲಿ ಮುಖವಾಡ ಎತ್ತಿದ.

ಬೋರಕ್ಕ ಸೊಸೆಯ ತೋಳು ಅಲುಗಿಸಿದಳು.

"ಯಾರೇ? ಗುರುನಾ?"

"ಅಲ್ಲ ಅತ್ತೆ. ಅಪ್ಪನೂ ಅಲ್ಲ. ಯಾರೋ ಗೊತ್ತಿಲ್ಲದೋನು. ಮುಖ ಒಂದು ಕಡೆ ಸುಟ್ಟೈತೆ. ಕೈಯಾಗೆ ಉಳಿ ಐತೆ, ಕಲ್ಲು ಕೆತ್ತೋ ಉಳಿ."

ಅವನೊಬ್ಬ ಕಲ್ಲುಕುಟಿಗ. ಹೀರೋನ ತಾತ ಆ ಕೋಟೆ ಕಟ್ಟಿಸುವಾಗ ಅವನ ಊರನ್ನೇ ಸುಟ್ಟು ಜಾಗ ಬಿಡಿಸಿದ್ದ. ಅದು ಯಾರ ಊಹೆಗೂ ಬಂದಿರಲಿಲ್ಲ. ಶಿಳ್ಳೆ ಹೊಡೆಯಲು ಬಂದವರು ಬಾಯಲ್ಲಿಟ್ಟ ಬೆರಳನ್ನು ಹಾಗೇ ಕೆಳಗಿಳಿಸಿದರು. ಉಷಾರಾಣಿಗೆ ಅಳು ಒತ್ತಿಕೊಂಡು ಬಂತು. ಅತ್ತೆ ಸೋತುಬಿಟ್ಟಳಲ್ಲಾ ಎನ್ನುವುದಕ್ಕೋ, ಆ ಸುಟ್ಟ ಮುಖಕ್ಕೋ, ಆಕೆಗೇ ತಿಳಿಯಲಿಲ್ಲ. ಬೋರಕ್ಕ ಮಾತ್ರ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದು, "ಎಂಥಾ ಕೆಟ್ಟೋನು ಸಿಕ್ಕಿದ್ನೇ ಉಷಾ" ಎಂದಳು, ಹಬ್ಬದೂಟ ಉಂಡವಳ ಹಾಗೆ.

ಚಿತ್ರ ಮುಗಿದು ಎಲ್ಲರೂ ಏಳುತ್ತಿದ್ದರು. ಬೋರಕ್ಕ ಏಳಲಿಲ್ಲ. "ಹೆಸರು ಓದು" ಎಂದಳು. ಪರದೆಯ ಮೇಲೆ ಕನ್ನಡದಲ್ಲಿ ದನಿ ಕೊಟ್ಟವರ ಹೆಸರು ಮೇಲೇರುತ್ತಿತ್ತು. ಉಷಾರಾಣಿ ಓದುತ್ತ ಹೋದವಳು ಥಟ್ಟನೆ ಓದು ನಿಲ್ಲಿಸಿ, ಆಮೇಲೆ ಬಸ್ಸಿನ ಗಂಟಲಲ್ಲೇ ನಕ್ಕುಬಿಟ್ಟಳು. ಗುರುವಿಗೂ ದಳವಾಯಿಗೂ ದನಿ ಕೊಟ್ಟಿದ್ದವನು ಒಬ್ಬನೇ ಕಲಾವಿದ.

"ಹಂಗಾರೆ ಗಂಟಲು ಒಂದೇ!" ಎಂದಳು ಬೋರಕ್ಕ.

"ಗಂಟಲು ಒಂದೇ ಅತ್ತೆ. ಆಸಾಮಿ ಬೇರೆ."

ಲಕ್ಷ್ಮೀಕಾಂತ್ ಜೋಲುಮುಖ ಮಾಡಿಕೊಂಡು ಬಂದ. "ಹಳೇ ವಿಡಿಯೊ ತೆಗೆದುಬಿಡ್ಲಾ ಅಕ್ಕಾ? ಅಪ್ಪನೇ ಅಂತ ಹಾಕಿದ್ನಲ್ಲ, ನಂದೂ ತೆಗೀತೀನಿ" ಎಂದ. ಉಷಾರಾಣಿ ಅತ್ತೆಯ ಕಡೆ ನೋಡಿದಳು.

"ಯಾಕಪ್ಪ ತೆಗೀತಿ? ಸುಳ್ಳು ಹೇಳಿದ್ವಾ? ಕಾಣದ್ದನ್ನ ಊಹೆ ಮಾಡಿದ್ವಿ, ತಪ್ಪಿತು. ತಪ್ಪಿತು ಅನ್ನಾದನ್ನೂ ಹಾಕು" ಎಂದಳು ಬೋರಕ್ಕ.

ಅಲ್ಲೇ ಥಿಯೇಟರಿನ ಮೆಟ್ಟಿಲ ಮೇಲೆ ನಿಂತು ಮೂವರೂ ನಗುತ್ತ ಎರಡನೆಯ ವಿಡಿಯೊ ಮಾಡಿದರು. ಮೊದಲನೆಯದನ್ನು ಮೆಚ್ಚಿದವರಿಗಿಂತ ಇದನ್ನು ಮೆಚ್ಚಿದವರೇ ಹೆಚ್ಚು. ಲಕ್ಷ್ಮೀಕಾಂತ್‌ಗೆ ಬಂದ ಫೋನುಗಳಲ್ಲಿ ಒಂದು ಶಿವಯ್ಯನವರದು. ಅವರು ಹುಟ್ಟುಕುರುಡರು, ದುರ್ಗದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ ಮೇಷ್ಟ್ರು. ಅವರು ಕೇಳಿದ್ದು ಇಷ್ಟೇ: "ಆ ತಾಯಿ ಪಕ್ಕದಾಗೆ ಇನ್ನೊಂದು ಕುರ್ಚಿ ಸಿಗ್ತೈತೇನ್ರಿ? ನನ್ನ ಜೊತೆ ನಾಲ್ಕು ಜನ ಸ್ನೇಹಿತರಿದಾರೆ, ಅವರಿಗೂ ಕಾಣಲ್ಲ."

ಒಂದು ಕಿವಿಗೆ ಹೇಳುವುದು ಬೇರೆ, ಒಂದು ಸಾಲಿಗೆ ಹೇಳುವುದು ಬೇರೆ. ಉಷಾರಾಣಿ ಎರಡು ದಿನ ಯೋಚಿಸಿದಳು. ಆಮೇಲೆ ಥಿಯೇಟರಿನ ಮ್ಯಾನೇಜರನ್ನು ಕಂಡು, ಜನ ಕಡಿಮೆ ಇರುವ ವಾರದ ನಡುವಿನ ಮ್ಯಾಟಿನಿಗೆ ಒಪ್ಪಿಸಿದಳು. ಆ ದಿನ ದೀಪ ಆರುವ ಮುಂಚೆ ಎದ್ದು ನಿಂತು, ಪಿಸುಮಾತನ್ನೆಲ್ಲ ಪಕ್ಕಕ್ಕಿಟ್ಟು, ಇಡೀ ಥಿಯೇಟರಿಗೆ ಕೇಳುವಂತೆ ಹೇಳಿದಳು: "ನೋಡ್ರಪ್ಪ, ಈ ಸಾಲಿನಾಗೆ ಕಣ್ಣಿಲ್ಲದೋರು ಕುಂತಾರೆ. ನಾನು ಕಥೆ ಹೇಳ್ತಿರ್ತೀನಿ. ತೊಂದರೆ ಅನ್ನಿಸಿದ್ರೆ ಹಿಂದಕ್ಕೆ ಹೋಗ್ರಿ, ಹಿಂದೆ ಜಾಗ ಐತೆ."

ಜನ ನಕ್ಕರು. ಎದ್ದು ಹಿಂದಕ್ಕೆ ಹೋದವರು ಯಾರೂ ಇಲ್ಲ. ಬದಲಿಗೆ ಇಬ್ಬರು ಕಾಲೇಜು ಹುಡುಗಿಯರು ಹಿಂದಿನಿಂದ ಎದ್ದು ಬಂದು ಆಕೆಯ ಬೆನ್ನ ಹಿಂದಿನ ಸಾಲಿನಲ್ಲೇ ಕುಳಿತರು, ಆಕೆ ಹೇಳುವುದನ್ನು ಕೇಳಲಿಕ್ಕೆಂದೇ. ಉಷಾರಾಣಿ ಸಂದಿ ನೋಡಿ ಮಾತು ತೂರಿಸುತ್ತ ಹೋದಳು: ಮೋಡ, ಬುರುಜು, ರಾಣಿಯ ಬೆರಳು, ಉಳಿ. ದಳವಾಯಿ ಮುಖವಾಡ ತೆಗೆದಾಗ ಶಿವಯ್ಯನವರ ಕೈ ತಮಗೇ ತಿಳಿಯದಂತೆ ತಮ್ಮ ಕೆನ್ನೆಯನ್ನು ಮುಟ್ಟಿಕೊಂಡಿತು.

ಈಗ ತಿಂಗಳಿಗೊಂದು ಚಿತ್ರವಾದರೂ ಹೀಗೆ ನಡೆಯುತ್ತದೆ. 'ಇರುಳುಗಿರಿ'ಯ ಎರಡನೆಯ ಭಾಗ ಬರುವುದಿದೆಯಂತೆ. ಅದರಲ್ಲಿ ಹೊಸ ಖಳ ರಾಣಿಯ ತಂಗಿಯೇ ಎಂದು ಶಿವಯ್ಯನವರು ಪಟ್ಟು ಹಿಡಿದಿದ್ದಾರೆ. ಹೀರೋನ ಕುದುರೆಯ ಮೇಲೇ ಬೋರಕ್ಕನಿಗೆ ಅನುಮಾನ. ಮೊನ್ನೆ ಶಿವಯ್ಯನವರು ಊಟಕ್ಕೆಂದು ಹೊಳಲ್ಕೆರೆಗೆ ಬಂದಿದ್ದರು. ಕಟ್ಟೆಯ ಮೇಲೆ ಇಬ್ಬರಿಗೂ ವಾದ ಹತ್ತಿಕೊಂಡಿತ್ತು. ಉಷಾರಾಣಿ ಒಳಗಿನಿಂದ ರೊಟ್ಟಿ ತಟ್ಟುತ್ತಲೇ ಕೂಗಿದಳು:

"ಕುದುರೆ ಹೆಂಗೆ ಕೆಟ್ಟೋನಾಗ್ತೈತೆ ಅತ್ತೆ?"

"ಅದು ಕೆನೆಯಾವಾಗ ಉಸಿರು ಎಳ್ಕಳಾದು ಕೇಳಿಯೇನೇ ನೀನು?" ಎಂದಳು ಬೋರಕ್ಕ.