ಗಯಾನಾಕ್ಕೆ ಹಚ್ಚಿದ ನೀಲಿ

ಭೂಗೋಳವೆಂದರೆ ಬಣ್ಣ ಹಚ್ಚುವುದು ಎಂದೇ ನಾವು ನಂಬಿದ್ದ ದಿನಗಳವು. ಗರಗದ ಶಾಲೆಯಲ್ಲಿ ಆರನೇ ಇಯತ್ತೆ. ಪ್ರದರ್ಶನಕ್ಕೆಂದು ಗುರುಗಳು ನನ್ನಿಂದಲೂ ಗೆಳತಿ ಸವಿತಾಳಿಂದಲೂ ಹಾಳೆ ಜೋಡಿಸಿ ದೊಡ್ಡದೊಂದು ಜಗತ್ತಿನ ನಕ್ಷೆ ಬರೆಸುತ್ತಿದ್ದರು. ಯುರೋಪ್ ಖಂಡಕ್ಕೆ ನೀಲಿ, ದಕ್ಷಿಣ ಅಮೆರಿಕಕ್ಕೆ ಹಸಿರು. ಎಷ್ಟು ತೊಳೆದರೂ ಕೈಗೆ ಗೋಂದಿನ ವಾಸನೆ, ತಿನ್ನುವ ರೊಟ್ಟಿಗೂ ಅದೇ.

ಜಗಳ ಹತ್ತಿದ್ದು ಫ್ರೆಂಚ್ ಗಯಾನಾದಿಂದ. ದಕ್ಷಿಣ ಅಮೆರಿಕದ ಮೇಲಂಚಿನ ಆ ತುಣುಕು ಫ್ರಾನ್ಸ್ ದೇಶದ್ದೆಂದು ನನ್ನ ಅಟ್ಲಾಸಿನಲ್ಲಿತ್ತು. ಅಂದಮೇಲೆ ಅದೂ ಯುರೋಪೇ ಎಂದು ನೀಲಿ ಬಳಿದುಬಿಟ್ಟೆ. ಇರುವುದು ಅಮೆರಿಕದಲ್ಲಿ, ಯುರೋಪ್ ಹೇಗಾಯಿತು ಎಂದು ಸವಿತಾ ಕೇಳಿದಳು. ನಾನು ಮೊದಲೇ ಮೊಂಡಿ. “ಅಟ್ಲಾಸ ಇಲ್ಲದಾಕಿಗೆ ಏನ ತಿಳಿತೈತಿ?” ಅಂದೆ. ಅವಳು ಕುಂಚ ಕೆಳಗಿಟ್ಟಳು. ಅಂದಿನಿಂದ ಮಾತು ಬಂದ್.

ಅದೇ ವಾರ ಸೀಗಿ ಹುಣ್ಣಿಮೆ. ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋದೆವು. ನಮ್ಮ ಹೊಲ ಇದ್ದದ್ದು ಪಕ್ಕದೂರಿನ ಸೀಮೆಯಲ್ಲಿ. ಉಣ್ಣುವ ಮೊದಲು ಅಜ್ಜ ಎಂದಿನಂತೆ ಆ ಊರಿನ ಗ್ರಾಮದೇವತೆ ದ್ಯಾಮವ್ವನ ಹೆಸರಲ್ಲೇ ಕಾಯಿ ಒಡೆದ. ಪ್ರತಿ ವರ್ಷ ನೋಡುತ್ತಿದ್ದೆ, ಅಂದು ಮಾತ್ರ ಕೇಳಿದೆ. ಹೊಲ ನಮ್ಮದಲ್ಲವೇ, ಗರಗದ ದ್ಯಾಮವ್ವನಿಗೆ ಯಾಕಿಲ್ಲ?

“ಹೊಲ ನಮ್ದ ಖರೇ ಯವ್ವಾ. ಆದ್ರ ನೆಲ ಅವರ ಸೀಮ್ಯಾಗ ಐತಿ. ನಾವು ತಗೊಂಡೀವಿ ಅಂತ ಅದು ಎದ್ದು ಗರಗಕ್ಕ ಬರ್ತೈತೇನು?”

ನನಗೆ ಗಯಾನಾ ನೆನಪಾಯಿತು. ಮರುದಿನ ಎಲ್ಲರಿಗಿಂತ ಮೊದಲು ಶಾಲೆಗೆ ಹೋಗಿ ನೀಲಿಯ ಮೇಲೆ ಹಸಿರು ಬಳಿದೆ. ಎರಡೂ ಕೂಡಿ ಬೂಸ್ಟು ಹಿಡಿದಂಥ ಬಣ್ಣವಾಯಿತು. ಸವಿತಾ ಬಂದವಳು ಅದನ್ನೇ ನೋಡುತ್ತ ನಿಂತಳು, ಆಮೇಲೆ ನನ್ನನ್ನು ನೋಡಿದಳು. ನೀ ಹೇಳಿದ್ದೇ ಸರಿ ಎಂದಿದ್ದರೆ ಸಾಕಿತ್ತು. ಗೋಂದಿನ ಮುಚ್ಚಳ ಹಾಕು ಅಂದೆ. ಹಾಕಿದಳು.

ದೀಪಾವಳಿ ಸೂಟಿ ಮುಗಿದರೂ ಅವಳು ಬರಲಿಲ್ಲ. ಅವಳಪ್ಪನಿಗೆ ತಾರಿಹಾಳದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕು ಮನೆಯವರೆಲ್ಲ ಅಲ್ಲಿಗೇ ಹೋಗಿದ್ದರು. ಬಸ್ಸು ಹತ್ತಿದರೆ ಮುಟ್ಟುವಷ್ಟು ದೂರ. ನಾನು ಹೋಗಲಿಲ್ಲ, ನಾಚಿಕೆಯಾಗುತ್ತಿತ್ತು.

ಅಜ್ಜ ಇಲ್ಲ, ಹೊಲವೂ ಕೈಬಿಟ್ಟಿದೆ. ಮೊನ್ನೆ ಮಗಳು ಮೊಬೈಲಿನಲ್ಲಿ ನಕ್ಷೆ ತೆರೆದು, ಫ್ರಾನ್ಸಿನ ಈ ಚೂರು ಯಾವ ಖಂಡಕ್ಕೆ ಸೇರಿದ್ದೆಂದು ಕೇಳಿದಳು.

“ದಕ್ಷಿಣ ಅಮೆರಿಕ,” ಅಂದೆ. “ಸವಿತಾ ಹೇಳಿದ್ದ ಖರೇ.”

ಸವಿತಾ ಯಾರು ಎಂದು ಕೇಳಿದಳು ಮಗಳು.